ಅಣಬೆ ಹವಳ: ಗುರುತಿಸುವುದರಿಂದ ಬೆಳೆಸುವವರೆಗೆ

ಸಮುದ್ರದ ನೀರಿನ ಟ್ಯಾಂಕ್ ಇಡುವವರ ಬಾಯಲ್ಲಿ 'ಮಶ್ರೂಮ್' ಅಂದರೆ ಕಲ್ಲಿಗೆ ಅಂಟಿಕೊಂಡು ಬೆಳೆಯುವ, ಮೆತ್ತಗಿನ ತಟ್ಟೆಯಾಕಾರದ ಜೀವಿ. ಹವಳ ಸಾಕಲು ಹೊರಟ ಯಾರಿಗಾದರೂ ಅಂಗಡಿಯವರು ಮೊದಲು ಕೈಗಿಡುವುದು ಇದನ್ನೇ. ಸಾಕಲು ಸುಲಭ ಎಂಬ ಹೆಸರು ಇದಕ್ಕೆ ಸುಮ್ಮನೆ ಬಂದಿಲ್ಲ. ಹಾಗಿದ್ದೂ ಹೊಸಬರ ಟ್ಯಾಂಕಿನಲ್ಲಿ ಎಷ್ಟೋ ಮಶ್ರೂಮ್‌ಗಳು ಕರಗಿ ಹೋಗುತ್ತವೆ. ನಾನು ನೋಡಿದ ಮಟ್ಟಿಗೆ ಇದಕ್ಕೆ ಮುಖ್ಯ ಕಾರಣ ಅತಿಯಾದ ಆರೈಕೆ. ಬೆಳಕು ಜಾಸ್ತಿ, ಹರಿವು ಜಾಸ್ತಿ, ದಿನಕ್ಕೊಂದು ಜಾಗ, ವಾರಕ್ಕೊಂದು ಹೊಸ ಔಷಧ. ಸರಿಯಾಗಿ ಗುರುತಿಸಿ, ಸರಿಯಾದ ಜಾಗದಲ್ಲಿ ಕೂರಿಸಿ, ಆಮೇಲೆ ಕೈ ಹಿಂದಕ್ಕೆ ಇಟ್ಟುಕೊಳ್ಳುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮುಂದಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಹಂತ 1: ನಿಮ್ಮ ಮುಂದಿರುವುದು ಯಾವ ಪ್ರಾಣಿ?

'ಮಶ್ರೂಮ್ ಕೋರಲ್' ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳು ಓಡಾಡುತ್ತವೆ. ಈ ಲೇಖನದ ವಿಷಯವಾಗಿರುವುದು ಕೊರಾಲಿಮಾರ್ಫಾರಿಯ ಎಂಬ ಗಣಕ್ಕೆ ಸೇರಿದ್ದು. ಇವು ಗಟ್ಟಿ ಹವಳಗಳ ಹತ್ತಿರದ ಸಂಬಂಧಿಗಳು, ಆದರೆ ಸುಣ್ಣದ ಅಸ್ಥಿಪಂಜರ ಕಟ್ಟುವುದಿಲ್ಲ. ಒಂದು ತಟ್ಟೆ, ಅದರ ನಡುವೆ ಬಾಯಿ, ಕೆಳಗೆ ಕುಳ್ಳನೆಯ ಕಾಂಡ, ಕಲ್ಲಿಗೆ ಅಂಟಿಕೊಂಡ ಪಾದ. ದೇಹರಚನೆ ಇಷ್ಟೇ.

ಇನ್ನೊಂದು ಫಂಜಿಯಾ ಮತ್ತು ಅದರ ಬಂಧುಗಳು. ವಿಜ್ಞಾನದ ಪುಸ್ತಕಗಳಲ್ಲಿ 'ಮಶ್ರೂಮ್ ಕೋರಲ್' ಎಂದರೆ ಹೆಚ್ಚಾಗಿ ಇವೇ. ಅಡಿಯಲ್ಲಿ ಸುಣ್ಣದ ಗಟ್ಟಿ ಬಿಲ್ಲೆ, ಬಾಯಿಯಿಂದ ಅಂಚಿನವರೆಗೆ ಚೂಪಾದ ಏಣುಗಳು. ಬೆಳೆದ ಮೇಲೆ ಕಲ್ಲಿಗೆ ಅಂಟಿಕೊಳ್ಳದೆ ಮರಳಿನ ಮೇಲೆ ಬಿಡಿಯಾಗಿ ಕೂರುತ್ತವೆ. ಮೆತ್ತಗಿದ್ದು, ತಾಗಿದರೆ ಮುದುಡಿದರೆ ಅದು ನಮ್ಮ ಮಶ್ರೂಮ್. ಒಳಗೆ ಎಲುಬಿನಂಥ ಗಟ್ಟಿ ಭಾಗ ಕಂಡರೆ ಫಂಜಿಯಾ.

ಭಾರತದಲ್ಲಿ ಇರುವವರು ಈ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಂಡೆ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಿಗೆ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳಿಗೂ ಅದೇ ರಕ್ಷಣೆ. ಫಂಜಿಯಾ ಅದರೊಳಗೆ ಬರುತ್ತದೆ. ಮೆತ್ತಗಿನ ಮಶ್ರೂಮ್ ಗಟ್ಟಿ ಹವಳ ಅಲ್ಲದಿದ್ದರೂ, ಅದು ಕೂತಿರುವ 'ಲೈವ್ ರಾಕ್' (ಸೂಕ್ಷ್ಮಜೀವಿಗಳು ನೆಲೆಸಿದ ಸಮುದ್ರದ ಕಲ್ಲು) ಒಮ್ಮೊಮ್ಮೆ ಸತ್ತ ಹವಳದ ಅಸ್ಥಿಪಂಜರವೇ ಆಗಿರುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಾಗಲಿ, ಮನ್ನಾರ್ ಕೊಲ್ಲಿಯಲ್ಲಾಗಲಿ, ಲಕ್ಷದ್ವೀಪದಲ್ಲಾಗಲಿ ಕಿತ್ತು ತಂದ ಕಲ್ಲನ್ನು ಮನೆಗೆ ತರಬೇಡಿ, ಡೈವಿಂಗಿಗೆ ಹೋದಾಗ ನೀವೂ ಕೀಳಬೇಡಿ. ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ಫ್ರ್ಯಾಗ್, ಅಂದರೆ ಹವಳದ ತುಂಡು, ಕೇಳಿ, ಜತೆಗೆ ಬಿಲ್ ಕೇಳಿ. ಮಶ್ರೂಮ್ ಟ್ಯಾಂಕಿನಲ್ಲಿ ಎಷ್ಟು ಸಲೀಸಾಗಿ ಹೆಚ್ಚುತ್ತದೆಂದರೆ, ಸಮುದ್ರದಿಂದ ತೆಗೆಯುವ ಅಗತ್ಯವೇ ಇಲ್ಲ.

ಇನ್ನೆರಡು ಗೊಂದಲಗಳಿವೆ. ಆನಿಮೋನ್ ಎಂಬ ಕಡಲಜೀವಿಗೆ ಉದ್ದನೆಯ, ಅಂಟುವ ಟೆಂಟಕಲ್‌ಗಳಿದ್ದು (ಬೆರಳಿನಂಥ ಎಳೆಗಳು) ತನಗೆ ಬೇಕಾದ ಕಡೆ ನಡೆದು ಹೋಗುತ್ತದೆ. ಹವಳಗಳ ಇನ್ನೊಂದು ಬಂಧುವಾದ ಜೋಯಾಂತಿಡ್‌ಗಳಿಗೆ ತಟ್ಟೆಯ ಅಂಚಿನಲ್ಲಿ ಮಾತ್ರ ಸಣ್ಣ ಕೂದಲಿನಂಥ ಟೆಂಟಕಲ್‌ಗಳ ಸಾಲು ಇರುತ್ತದೆ, ಗುಂಪುಗುಂಪಾಗಿ ಬೆಳೆಯುತ್ತವೆ. ಕೆಲವು ಜೋಯಾಂತಿಡ್‌ಗಳಲ್ಲಿ, ಅದರಲ್ಲೂ ಪ್ಯಾಲಿಥೋವಾಗಳಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರುತ್ತದೆ. ಮಶ್ರೂಮ್ ಇರುವ ಕಲ್ಲಿನ ಮೇಲೆಯೇ ಇವೂ ಇರುವುದುಂಟು. ಆದ್ದರಿಂದ ಯಾವ ಕಲ್ಲನ್ನೂ ಕುದಿಸಿ ಸ್ವಚ್ಛ ಮಾಡುವ ಸಾಹಸ ಬೇಡ. ಆವಿಯಲ್ಲಿ ಏಳುವ ವಿಷ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು.

ಹಂತ 2: ಜಾತಿ ಪತ್ತೆ

ಬಣ್ಣ ನೋಡಿ ಗುರುತಿಸಲು ಹೋಗಬೇಡಿ. ಕೆಂಪು, ನೀಲಿ, ಹಸಿರು ಎಲ್ಲ ಜಾತಿಗಳಲ್ಲೂ ಇವೆ, ಅದೂ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ತಟ್ಟೆಯ ಮೇಲ್ಮೈ, ಅಂಚು, ಬಾಯಿ ಈ ಮೂರನ್ನು ಗಮನಿಸಿ.

ಡಿಸ್ಕೋಸೋಮಾದ ತಟ್ಟೆ ನಯವಾಗಿರುತ್ತದೆ, ಇಲ್ಲವೇ ಸಣ್ಣ ಗುಳ್ಳೆಗಳಿರುತ್ತವೆ. ಎಷ್ಟೋ ಕಡೆ ಬಾಯಿಯಿಂದ ಅಂಚಿಗೆ ಗೆರೆಗಳು ಹರಡಿರುತ್ತವೆ. ಸಾಮಾನ್ಯವಾಗಿ ಐದರಿಂದ ಎಂಟು ಸೆಂಟಿಮೀಟರ್ ಅಗಲ. ಅಂಗಡಿಗಳಲ್ಲಿ 'ಆಕ್ಟಿನೋಡಿಸ್ಕಸ್' ಎಂಬ ಹಳೆಯ ಹೆಸರೂ ಚಾಲ್ತಿಯಲ್ಲಿದೆ. ಮೊದಲ ಬಾರಿ ಸಾಕುವವರು ಇದನ್ನೇ ತೆಗೆದುಕೊಳ್ಳಿ.

ರೋಡ್ಯಾಕ್ಟಿಸ್ ಒರಟು. ತಟ್ಟೆಯ ತುಂಬ ಕವಲೊಡೆದ, ಕುಚ್ಚಿನಂಥ ಟೆಂಟಕಲ್‌ಗಳು. ಹತ್ತಿರದಿಂದ ನೋಡಿದರೆ ಅಂಚಿಗಿಂತ ಸ್ವಲ್ಪ ಒಳಗೆ ಟೆಂಟಕಲ್ ಇಲ್ಲದ ಒಂದು ಬೋಳು ಉಂಗುರ ಕಾಣುತ್ತದೆ, ಅದರಾಚೆ ಅಂಚಿನ ಸಾಲು. ಇದೊಂದು ಒಳ್ಳೆಯ ಗುರುತು. ಮೈಯೆಲ್ಲ ದೊಡ್ಡ ಗುಳ್ಳೆಗಳಂತೆ ಉಬ್ಬುವ, ದುಬಾರಿ ಬೆಲೆಯ 'ಬೌನ್ಸ್' ಮಶ್ರೂಮ್‌ಗಳು ಹೆಚ್ಚಾಗಿ ರೋಡ್ಯಾಕ್ಟಿಸ್‌ಗಳೇ.

ರಿಕಾರ್ಡಿಯಾದ ಮೈತುಂಬ ಪುಟ್ಟ ಗುಂಡು ತುದಿಯ ಟೆಂಟಕಲ್‌ಗಳು. ಇದರಲ್ಲಿ ಎರಡು ಬಗೆ. ಫ್ಲಾರಿಡಾ ಎಂಬುದು ಕೆರಿಬಿಯನ್ ಕಡಲಿನದು, ಸಣ್ಣದು, ಒಂದೇ ತಟ್ಟೆಯಲ್ಲಿ ಎರಡು ಮೂರು ಬಾಯಿ ಇರುವುದು ಅಪರೂಪವಲ್ಲ, ಬಾಯಿಯ ಸುತ್ತ ಬೋಳಾಗಿರುತ್ತದೆ. ಯುಮಾ ಎಂಬುದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯದು, ಇನ್ನೂ ದೊಡ್ಡದಾಗುತ್ತದೆ, ಟೆಂಟಕಲ್‌ಗಳು ಬಾಯಿಯ ದಿಬ್ಬದವರೆಗೂ ಹತ್ತಿರುತ್ತವೆ. ಫ್ಲಾರಿಡಾ ಗಟ್ಟಿಜೀವ. ಯುಮಾ ಪ್ರಯಾಣ ತಾಳುವುದಿಲ್ಲ, ಹೊಸ ಟ್ಯಾಂಕಂತೂ ಅದಕ್ಕೆ ಆಗದು. ಅಂದಕ್ಕೆ ಮರುಳಾಗಿ ಮೊದಲೇ ಯುಮಾ ತರಬೇಡಿ.

ನಾಲ್ಕನೆಯದು ಆಂಪ್ಲೆಕ್ಸಿಡಿಸ್ಕಸ್, ಅಂದರೆ ಆನೆಕಿವಿ. ಒಂದಡಿಗೂ ಮೀರಿ ಹರಡಬಲ್ಲದು. ತಟ್ಟೆಯ ಮೇಲೆ ಮೊಟಕು ಟೆಂಟಕಲ್‌ಗಳು, ಅಂಚು ಪೂರ್ತಿ ಬೋಳು. ಇದು ಮೀನು ಹಿಡಿಯುವ ಪ್ರಾಣಿ. ಎಲೆಅಡಿಕೆ ಸಂಚಿಯ ದಾರ ಎಳೆದಂತೆ ಅಂಚು ನಿಧಾನವಾಗಿ ಮೇಲೆದ್ದು, ಒಳಮುಖವಾಗಿ ಬಾಗಿ, ಮೇಲುಗಡೆ ಕೂಡಿಕೊಳ್ಳುತ್ತದೆ. ಒಳಗೆ ಆರಾಮಾಗಿ ಕೂತಿದ್ದ ಸಣ್ಣ ಮೀನಿಗೆ ಗೋಡೆ ಏಳುತ್ತಿರುವುದು ತಿಳಿಯುವುದೇ ಇಲ್ಲ. ಆನಿಮೋನ್ ಇಲ್ಲದ ಟ್ಯಾಂಕಿನ ಕ್ಲೌನ್ ಮೀನು ಇದನ್ನೇ ಮನೆ ಮಾಡಿಕೊಳ್ಳಲು ಹೋಗಿ ಜೀವ ಕಳೆದುಕೊಳ್ಳಬಹುದು. ಸಣ್ಣ ಟ್ಯಾಂಕಿಗೆ ಇದು ತಕ್ಕುದಲ್ಲ.

ಹಂತ 3: ನೀರು ಮೊದಲು, ಹವಳ ಆಮೇಲೆ

60ರಿಂದ 100 ಲೀಟರ್ ಟ್ಯಾಂಕ್ ಸಾಕು. ಅದಕ್ಕಿಂತ ಚಿಕ್ಕದರಲ್ಲಿ ಉಪ್ಪು ಮತ್ತು ಉಷ್ಣತೆ ಬೇಗ ಏರಿಳಿಯುತ್ತವೆ. ಕಲ್ಲು, ಮರಳು, ಉಪ್ಪುನೀರು ಹಾಕಿದ ಮೇಲೆ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ಯಾವ ಜೀವಿಯನ್ನೂ ಬಿಡಬೇಡಿ. ಮಶ್ರೂಮ್‌ಗೆ ಇನ್ನೂ ಒಂದೆರಡು ತಿಂಗಳು ಕಾದರೆ ಮತ್ತೂ ಒಳ್ಳೆಯದು.

ಬೆಂಗಳೂರಿನ ಬೋರ್‌ವೆಲ್ ನೀರನ್ನು ನೇರವಾಗಿ ಬಳಸುವಂತಿಲ್ಲ. ಗಡಸುತನದ ಜತೆ ಅದರಲ್ಲಿ ನೈಟ್ರೇಟ್, ಸಿಲಿಕೇಟ್ ಕರಗಿರಬಹುದು, ಪಾಚಿಗೆ ಅದೇ ಊಟ. ಅಡುಗೆಮನೆಯ ಆರ್‌ಓ ಯಂತ್ರವನ್ನೂ ಹಾಗೇ ನಂಬಬೇಡಿ. ರುಚಿಗೋಸ್ಕರ ಅದು ಒಂದಿಷ್ಟು ಲವಣ ಉಳಿಸುತ್ತದೆ, ಕೆಲವು ಯಂತ್ರಗಳು ಮತ್ತೆ ಸೇರಿಸುತ್ತವೆ ಕೂಡ. ಆರ್‌ಓ ನಂತರ ಉಳಿದ ಲವಣ ಹೀರುವ ಡಿಐ ರಾಳದ ಒಂದು ಹಂತ ಜೋಡಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರುವಂತೆ ನೋಡಿಕೊಳ್ಳಿ. ಆ ನೀರಿಗೆ ರೀಫ್ (ಹವಳ ಸಾಕುವ) ಟ್ಯಾಂಕಿನ ಸಾಲ್ಟ್ ಮಿಕ್ಸ್ ಬೆರೆಸಿ. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಬೇಕಾಗುತ್ತದೆ. ಕಲ್ಲುಪ್ಪು, ಪುಡಿ ಉಪ್ಪು ಯಾವುದೂ ಇದಕ್ಕೆ ಬದಲಿಯಲ್ಲ.

ಕರಾವಳಿಯವರಿಗೆ ಸಮುದ್ರ ಪಕ್ಕದಲ್ಲೇ ಇದೆ, ಅಲ್ಲಿಂದಲೇ ತರಬಾರದೇಕೆ ಎಂದು ಕೇಳುವುದುಂಟು. ದಡದ ನೀರಿನಲ್ಲಿ ನದಿಗಳ ಮಣ್ಣು, ಚರಂಡಿಯ ಕೊಳೆ, ದೋಣಿಗಳ ಎಣ್ಣೆ ಎಲ್ಲವೂ ಇರುತ್ತವೆ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿಯಂಥ ನದಿಗಳ ಅಳಿವೆಯ ಸುತ್ತ ಉಪ್ಪಿನಂಶ ತೀರ ಇಳಿದುಹೋಗುತ್ತದೆ. ಹೊಸಬರು ಸಾಲ್ಟ್ ಮಿಕ್ಸನ್ನೇ ನಂಬುವುದು ಲೇಸು.

ಅಳತೆಗಳು ಹೀಗಿರಲಿ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್. ಸಾಪೇಕ್ಷ ಸಾಂದ್ರತೆ 1.024ರಿಂದ 1.026. ಪಿಎಚ್ 8.0ರಿಂದ 8.4. ಕ್ಷಾರೀಯತೆ 8ರಿಂದ 11 ಡಿಕೆಎಚ್. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಸಿಯಂ 1250ರಿಂದ 1350. ಮಶ್ರೂಮ್ ಅಸ್ಥಿಪಂಜರ ಕಟ್ಟದ ಕಾರಣ ಕ್ಯಾಲ್ಸಿಯಂ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯ ಕಡಿಮೆ. ನೈಟ್ರೇಟ್ 5ರಿಂದ 20 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇರಬೇಕು. ಇವೆರಡನ್ನೂ ಸೊನ್ನೆಗೆ ಇಳಿಸಿ ಹೆಮ್ಮೆಪಡುವವರ ಟ್ಯಾಂಕಿನಲ್ಲೇ ಮಶ್ರೂಮ್ ಸೊರಗುವುದು. ಅದಕ್ಕೆ ತುಸು ಪೋಷಕಾಂಶ ಇರುವ ನೀರೇ ಹಿತ.

ಉಪ್ಪನ್ನು ಅಳೆಯಲು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ, ಅದನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪಿನ) ದ್ರಾವಣದಿಂದ ಆಗಾಗ ಸರಿಹೊಂದಿಸಿ. ಮಂಗಳೂರು, ರಾಯಚೂರಿನ ಬೇಸಿಗೆಯಲ್ಲಿ ಚಿಲ್ಲರ್ ಬೇಕಾಗಬಹುದು. ಬೆಂಗಳೂರಿನಲ್ಲಿ ಎಷ್ಟೋ ಮನೆಗಳಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಸಾಕಾಗುತ್ತದೆ. ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಶುದ್ಧ ಸಿಹಿನೀರಿನಿಂದಲೇ ದಿನವೂ ತುಂಬಿಸಿ. ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಒಂದಿದ್ದರೆ ಆಮ್ಲಜನಕದ ಚಿಂತೆ ಇಲ್ಲ. ವಾರಕ್ಕೊಮ್ಮೆ ಶೇಕಡಾ 10ರಷ್ಟು ನೀರು ಬದಲಿಸಿ. ಮೀನಿನ ಕಾಯಿಲೆಗೆಂದು ತಾಮ್ರದ ಔಷಧವನ್ನು ಈ ಟ್ಯಾಂಕಿಗೆ ಎಂದೂ ಹಾಕಬೇಡಿ, ಹವಳಗಳು ಸಾಯುತ್ತವೆ.

ಹಂತ 4: ಅಂಗಡಿಯಲ್ಲಿ ಆಯ್ಕೆ

ನೀಲಿ ದೀಪದ ಕೆಳಗೆ ತೆಗೆದ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಎಂಥ ಕಂದು ಮಶ್ರೂಮ್ ಕೂಡ ನೀಲಿ ಬೆಳಕಿನಲ್ಲಿ ಜಗಮಗಿಸುತ್ತದೆ. ಬಿಳಿ ಬೆಳಕಿನಲ್ಲಿ ತೆಗೆದ ವಿಡಿಯೋ ಕೇಳಿ. ಆರೋಗ್ಯವಂತ ಮಶ್ರೂಮ್‌ನ ತಟ್ಟೆ ಹರಡಿರುತ್ತದೆ, ಬಾಯಿ ಮುಚ್ಚಿರುತ್ತದೆ, ಪಾದ ಕಲ್ಲಿಗೆ ಗಟ್ಟಿಯಾಗಿ ಅಂಟಿರುತ್ತದೆ. ಬಾಯಿ ಬಿರಿದಿದ್ದರೆ, ಬಿಳಿ ದಾರಗಳು ಹೊರಗೆ ಬಂದಿದ್ದರೆ, ಅಂಚು ಹರಿದು ಲೋಳೆಯಾಗಿದ್ದರೆ ಬೇಡ. ಕಲ್ಲಿನ ಸಂದಿಗಳಲ್ಲಿ ಐಪ್ಟೇಸಿಯಾ ಎಂಬ ಕಂದು ಬಣ್ಣದ ಪಿಡುಗಿನ ಆನಿಮೋನ್ ಇದೆಯೇ ಎಂದು ಕಣ್ಣಿಟ್ಟು ನೋಡಿ. ಒಂದೇ ಒಂದು ಬಂದರೂ ಕೆಲವು ತಿಂಗಳಲ್ಲಿ ಟ್ಯಾಂಕ್ ತುಂಬಬಹುದು.

ಹಂತ 5: ಮನೆಗೆ ತಂದ ದಿನ

ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಉಷ್ಣತೆ ಸಮವಾಗಲಿ. ಬಳಿಕ ಹವಳವನ್ನು ಅದರ ನೀರಿನ ಸಮೇತ ಒಂದು ಡಬ್ಬಿಗೆ ಹಾಕಿ, ಸಣ್ಣ ಏರ್ ಪೈಪಿನಲ್ಲಿ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಡಿ. ಅರ್ಧ ಮುಕ್ಕಾಲು ಗಂಟೆ ಸಾಕು. ಆಮೇಲೆ ಇನ್ನೊಂದು ಡಬ್ಬಿಯಲ್ಲಿ ಹವಳಕ್ಕೆಂದೇ ತಯಾರಿಸಿದ ಅಯೋಡಿನ್ ಡಿಪ್ ಕಲಸಿ, ಲೇಬಲ್ಲಿನಲ್ಲಿ ಹೇಳಿದಷ್ಟೇ ಹೊತ್ತು ಅದ್ದಿ, ಶುದ್ಧ ಉಪ್ಪುನೀರಿನಲ್ಲಿ ಅಲುಗಿಸಿ ತೊಳೆಯಿರಿ. ಚಪ್ಪಟೆ ಹುಳುಗಳಿದ್ದರೆ ಡಬ್ಬಿಯ ತಳಕ್ಕೆ ಬೀಳುತ್ತವೆ. ಚೀಲದ ನೀರು, ಡಿಪ್ ನೀರು ಎರಡನ್ನೂ ಚೆಲ್ಲಿ. ಆ ದಿನ ಮಶ್ರೂಮ್ ಮುದುಡಿಕೊಂಡು ಕಡಲೆಕಾಳಿನಷ್ಟಾದರೂ ಗಾಬರಿ ಬೇಡ.

ಹಂತ 6: ಜಾಗ, ಬೆಳಕು, ಹರಿವು

ಮಶ್ರೂಮ್‌ನ ಅಂಗಾಂಶದಲ್ಲಿ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೆ ಕೊಡುತ್ತವೆ. ಹಾಗೆಂದು ಬೆಳಕು ಸುರಿಯಬಾರದು. ಡಿಸ್ಕೋಸೋಮಾ, ರೋಡ್ಯಾಕ್ಟಿಸ್‌ಗಳಿಗೆ 30ರಿಂದ 80 ಪಾರ್ (ಪಾಚಿಗೆ ಒದಗುವ ಬೆಳಕಿನ ಅಳತೆ) ಸಾಕು. ರಿಕಾರ್ಡಿಯಾಗೆ 50ರಿಂದ 120ರವರೆಗೆ ನಡೆಯುತ್ತದೆ. ಪಾರ್ ಮೀಟರ್ ಎಲ್ಲರ ಬಳಿ ಇರುವುದಿಲ್ಲ, ಆದರೆ ಹವಳವೇ ಹೇಳುತ್ತದೆ. ಬೆಳಕು ಸಾಲದಿದ್ದರೆ ಕಾಂಡ ಉದ್ದವಾಗಿ ತಟ್ಟೆ ಆಲಿಕೆಯಂತೆ ಮೇಲಕ್ಕೆ ಚಾಚುತ್ತದೆ. ಜಾಸ್ತಿಯಾದರೆ ಕುಗ್ಗಿ, ಅಂಚು ಒಳಕ್ಕೆ ಸುರುಳಿಯಾಗಿ, ಬಣ್ಣ ಮಾಸುತ್ತದೆ. ಟ್ಯಾಂಕಿನ ಕೆಳಗಿನ ಮೂರನೇ ಒಂದು ಭಾಗದಲ್ಲಿ, ಕಲ್ಲಿನ ಅರೆನೆರಳಿನಲ್ಲಿ ಶುರುಮಾಡಿ. ದಿನಕ್ಕೆ ಎಂಟರಿಂದ ಹತ್ತು ಗಂಟೆ ದೀಪ ಸಾಕು.

ಹರಿವು ಮಂದವಾಗಿರಲಿ. ತಟ್ಟೆಯ ಅಂಚು ಮೆಲ್ಲಗೆ ಅಲುಗಿದರೆ ಸರಿ. ಮಡಚಿಕೊಳ್ಳುವಷ್ಟು ನೀರು ಬಡಿದರೆ ಪಾದ ಬಿಟ್ಟು ಹೊರಟುಹೋಗುತ್ತದೆ. ಆಮೇಲೆ ಅದು ಸಿಗುವುದು ನೀರು ತಳ್ಳುವ ಪಂಪಾದ ಪವರ್‌ಹೆಡ್ಡಿನ ಜಾಲರಿಯಲ್ಲಿ, ಚೂರುಚೂರಾಗಿ.

ಬಿಡಿ ಮಶ್ರೂಮನ್ನು ಕಲ್ಲಿಗೆ ಹತ್ತಿಸುವುದು ಬಹಳ ಜನರಿಗೆ ತಲೆನೋವು. ಮೈ ಲೋಳೆಯಾದ್ದರಿಂದ ಅಂಟು ಹಿಡಿಯುವುದಿಲ್ಲ. ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಬೆರಳ ತುದಿಯಷ್ಟು ದೊಡ್ಡ ಕಲ್ಲಿನ ಚೂರುಗಳನ್ನು ಹರಡಿ, ಮಶ್ರೂಮನ್ನು ಪಾದ ಕೆಳಗಾಗುವಂತೆ ಇಟ್ಟು, ಡಬ್ಬಿಯ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಹರಿವು ಕಡಿಮೆ ಇರುವ ಮೂಲೆಯಲ್ಲಿ ಇಟ್ಟು ಮರೆತುಬಿಡಿ. ಒಂದೆರಡು ವಾರದಲ್ಲಿ ಅದೇ ಒಂದು ಚೂರನ್ನು ಹಿಡಿದುಕೊಂಡಿರುತ್ತದೆ. ಆ ಚೂರಿನ ಅಡಿಗೆ ಸಯನೋಅಕ್ರಿಲೇಟ್ (ಸೂಪರ್ ಗ್ಲೂ ಬಗೆಯ) ಜೆಲ್ ಅಂಟು ಹಚ್ಚಿ ಬೇಕಾದ ಕಡೆ ಕೂರಿಸಿ. ಕೂರಿಸಿದ ಮೇಲೆ ಕನಿಷ್ಠ ಮೂರು ವಾರ ಜಾಗ ಬದಲಿಸಬೇಡಿ. ಈ ಒಂದು ಮಾತು ಪಾಲಿಸಿದರೆ ಸಾಕು, ಎಷ್ಟೋ ಮಶ್ರೂಮ್‌ಗಳು ಉಳಿಯುತ್ತವೆ.

ಹಂತ 7: ಊಟ

ಡಿಸ್ಕೋಸೋಮಾ ನೀರಿನಲ್ಲಿ ಕರಗಿದ ಪೋಷಕಾಂಶ ಮತ್ತು ಬೆಳಕಿನಲ್ಲೇ ಬದುಕಬಲ್ಲದು. ರೋಡ್ಯಾಕ್ಟಿಸ್, ರಿಕಾರ್ಡಿಯಾಗಳಿಗೆ ವಾರಕ್ಕೊಮ್ಮೆ ಉಣಿಸಿದರೆ ಚೆನ್ನಾಗಿ ದಪ್ಪಗಾಗುತ್ತವೆ. ಮೈಸಿಸ್ (ಮೀನಿಗೆ ಹಾಕುವ ಪುಟ್ಟ ಸೀಗಡಿಯಂಥ ಜೀವಿ) ಅಥವಾ ಉಪ್ಪುಖಾರ ಹಾಕದ ಹಸಿ ಸೀಗಡಿಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ. ಪಂಪ್ ನಿಲ್ಲಿಸಿ, ಪಿಪೆಟ್ಟಿನಲ್ಲಿ ತಟ್ಟೆಯ ಮೇಲೆ ಮೆಲ್ಲಗೆ ಬಿಡಿ. ಮೊದಲ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ತುಣುಕಿನ ಸುತ್ತಲಿನ ಮೈ ಸ್ವಲ್ಪ ತಗ್ಗುತ್ತದೆ, ಅಂಚು ಆ ಕಡೆಯಿಂದ ಏಳುತ್ತದೆ, ತುಣುಕು ಬಾಯಿಯ ಕಡೆಗೆ ಜಾರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನುಂಗಿ ಮುಗಿಸುತ್ತದೆ. ಉಗುಳಿದರೆ ತುಣುಕು ದೊಡ್ಡದಾಯಿತೆಂದು ಅರ್ಥ, ಉಳಿದದ್ದನ್ನು ತೆಗೆದುಬಿಡಿ. ಪಂಪ್ ಮತ್ತೆ ಹಾಕಲು ಮರೆಯಬೇಡಿ.

ಹಂತ 8: ಹದ್ದುಬಸ್ತು

ನೆಲೆಯೂರಿದ ಮಶ್ರೂಮ್ ಸುಮ್ಮನಿರುವುದಿಲ್ಲ. ಎರಡಾಗಿ ಸೀಳುತ್ತದೆ, ಇಲ್ಲವೇ ಜರುಗುವಾಗ ಪಾದದ ಚೂರನ್ನು ಹಿಂದೆ ಬಿಟ್ಟು, ಆ ಚೂರಿನಿಂದ ಹೊಸದು ಹುಟ್ಟುತ್ತದೆ. ಪೆಸಿಫಿಕ್ ಸಾಗರದ ಪಾಲ್ಮೈರಾ ಹವಳದ್ವೀಪದಲ್ಲಿ 1991ರಲ್ಲಿ ಒಂದು ಮೀನುಗಾರಿಕಾ ಹಡಗು ಬಂಡೆಗೆ ಬಡಿದು ಕೆಟ್ಟಿತು. ಮುಂದಿನ ವರ್ಷಗಳಲ್ಲಿ ಅದರ ಸುತ್ತ ರೋಡ್ಯಾಕ್ಟಿಸ್ ವಿಪರೀತವಾಗಿ ಹಬ್ಬಿ ಹವಳಗಳನ್ನೆಲ್ಲ ಮುಚ್ಚಿಹಾಕಿತು. ಹಡಗಿನ ಕಬ್ಬಿಣ ನೀರಿಗೆ ಸೇರಿದ್ದು ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಶಂಕಿಸಿದರು. ಕೊನೆಗೆ ಅವಶೇಷವನ್ನೇ ಅಲ್ಲಿಂದ ತೆಗೆಸಬೇಕಾಯಿತು. ಸಾಗರದಲ್ಲಿ ಇಷ್ಟು ಮಾಡಬಲ್ಲದ್ದು ಮೂರಡಿ ಟ್ಯಾಂಕಿನಲ್ಲಿ ಏನು ಮಾಡೀತು ಎಂದು ಯೋಚಿಸಿ.

ಆದ್ದರಿಂದ ಮುಖ್ಯ ಬಂಡೆಗೆ ಹತ್ತಿಸದೆ, ಮರಳಿನ ಮೇಲೆ ಒಂಟಿ ಕಲ್ಲು ಇಟ್ಟು ಅದರಲ್ಲಿ ಬೆಳೆಸಿ. ಪಕ್ಕದ ಹವಳಕ್ಕೆ ನಾಲ್ಕು ಬೆರಳಷ್ಟಾದರೂ ಅಂತರವಿರಲಿ. ಕೆಂಪು ಸಮುದ್ರದ ಏಲಾತ್ ತೀರದ ರೋಡ್ಯಾಕ್ಟಿಸ್‌ಗಳು, ಬೇರೆ ಹವಳ ತಾಗಿದ ಕಡೆ ಅಂಚಿನ ಟೆಂಟಕಲ್‌ಗಳ ತುದಿಯನ್ನು ಗುಂಡಗೆ ಉಬ್ಬಿಸಿಕೊಂಡು ಕುಟುಕುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಟ್ಯಾಂಕಿನಲ್ಲಿ ಹಲವು ಬಗೆ ಹವಳ ಇದ್ದರೆ, ಅವು ನೀರಿಗೆ ಬಿಡುವ ವಿಷ ಹೀರಲು ಆಕ್ಟಿವೇಟೆಡ್ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿ.

ಹಂತ 9: ಕತ್ತರಿಸಿ ಹೆಚ್ಚಿಸುವುದು

ಮೂರು ತಿಂಗಳಾದರೂ ನೆಮ್ಮದಿಯಾಗಿರುವ, ಐದು ಸೆಂಟಿಮೀಟರಿಗಿಂತ ದೊಡ್ಡ ಡಿಸ್ಕೋಸೋಮಾ ಆರಿಸಿ. ಕೈಗವಸು, ಕನ್ನಡಕ ಕಡ್ಡಾಯ. ಹವಳವನ್ನು ಟ್ಯಾಂಕಿನಿಂದ ಹೊರತೆಗೆದು ಒಂದು ಪ್ಲೇಟಿನಲ್ಲಿ ಇಡಿ, ಟ್ಯಾಂಕಿನ ಒಳಗೇ ಕತ್ತರಿಸಿದರೆ ಲೋಳೆಯೆಲ್ಲ ನೀರಿಗೆ ಸೇರುತ್ತದೆ. ಹೊಸ ಬ್ಲೇಡಿನಲ್ಲಿ ಬಾಯಿಯ ನಟ್ಟನಡುವೆ ಒಂದೇ ಏಟಿಗೆ ಸೀಳಿ, ಎರಡೂ ತುಂಡಿಗೆ ಬಾಯಿಯ ಪಾಲು ಸಿಗಲಿ. ಉಪ್ಪುನೀರಿನಲ್ಲಿ ತೊಳೆದು, ಮೇಲೆ ಹೇಳಿದ ಪರದೆ ಕಟ್ಟಿದ ಡಬ್ಬಿಗೆ ಹಾಕಿ. ಎರಡರಿಂದ ನಾಲ್ಕು ವಾರದಲ್ಲಿ ಗಾಯ ಕೂಡಿ ಮತ್ತೆ ದುಂಡಗಾಗುತ್ತವೆ. ಯುಮಾವನ್ನು ಮಾತ್ರ ಕತ್ತರಿಸಬೇಡಿ, ಅದು ತಾನಾಗಿ ಒಡೆಯುವವರೆಗೆ ಕಾಯಿರಿ.

ಹಂತ 10: ತೊಂದರೆ ಬಂದಾಗ

ಮುದುಡಿ ಕೂತಿದ್ದರೆ ಮೊದಲು ಉಪ್ಪು, ಉಷ್ಣತೆ, ಕ್ಷಾರೀಯತೆ ಅಳೆಯಿರಿ. ಎಲ್ಲ ಸರಿಯಿದ್ದರೆ ಕಿರುಕುಳ ಕೊಡುವವರು ಯಾರೆಂದು ನೋಡಿ. ಏಂಜೆಲ್ ಮೀನು ಕುಕ್ಕುತ್ತಿರಬಹುದು, ಏಡಿ ರಾತ್ರಿ ಮೇಲೆ ನಡೆಯುತ್ತಿರಬಹುದು. ದೀಪ ಆರಿ ಒಂದು ಗಂಟೆಯ ಮೇಲೆ ಕೆಂಪು ಟಾರ್ಚ್ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಬಾಯಿಂದ ಬಿಳಿ ದಾರ ಬಂದರೆ ಅದು ಒಳಗಿನ ಜೀರ್ಣಾಂಗದ ಎಳೆ. ಗಾಯವೋ ಹೆದರಿಕೆಯೋ ಆಗಿರುತ್ತದೆ, ಮುಟ್ಟದೆ ಬಿಟ್ಟರೆ ಸಾಮಾನ್ಯವಾಗಿ ಒಳಗೆ ಹೋಗುತ್ತದೆ. ಬಿಳಿಚಿಕೊಂಡರೆ ನೆರಳಿಗೆ ಸರಿಸಿ ವಾರಕ್ಕೆರಡು ಬಾರಿ ಉಣಿಸಿ. ಜಾಗ ಬದಲಿಸಬೇಡಿ ಎಂಬ ಮಾತಿಗೆ ಇದೊಂದೇ ವಿನಾಯಿತಿ.

ಕರಗಲು ಶುರುವಾದರೆ ಮಾತ್ರ ತಡಮಾಡಬೇಡಿ. ಲೋಳೆಯಾಗಿ, ಕೊಳೆತ ವಾಸನೆ ಬಂದು, ಮುಟ್ಟಿದರೆ ಬಿಡಿಸಿಕೊಂಡು ಬರುತ್ತಿದ್ದರೆ ಪೈಪಿನಲ್ಲಿ ಅದನ್ನು ಹೀರಿ ತೆಗೆದು, ಅಂದೇ ಶೇಕಡಾ 20ರಷ್ಟು ನೀರು ಬದಲಿಸಿ, ಹೊಸ ಕಾರ್ಬನ್ ಹಾಕಿ. ಚಿಕ್ಕ ಟ್ಯಾಂಕಿನಲ್ಲಿ ಒಂದು ಸತ್ತ ಆನೆಕಿವಿ ಉಳಿದೆಲ್ಲವನ್ನೂ ಕೆಡಿಸಬಲ್ಲದು. ಅದು ಕೂತಿದ್ದ ಕಲ್ಲನ್ನು ಮಾತ್ರ ಉಜ್ಜಿ ತೊಳೆಯಲು ಹೋಗಬೇಡಿ. ಪಾದದ ತೆಳುವಾದ ಪದರ ಕಲ್ಲಿನ ಸಂದಿಯಲ್ಲಿ ಉಳಿದಿದ್ದರೆ ಒಂದೆರಡು ತಿಂಗಳಲ್ಲಿ ಮರಿ ಮಶ್ರೂಮ್ ಏಳುವ ಸಾಧ್ಯತೆ ಇದೆ, ಕಲ್ಲನ್ನು ಅರೆನೆರಳಿನಲ್ಲಿ ಅಲ್ಲೇ ಇರಲು ಬಿಡಿ.